ನೀಲಿ ಬಕೆಟ್ಟು

ಸಿಡಿಲಿಗೆ ನಮ್ಮ ಟಿವಿ ಸುಟ್ಟುಹೋದ ವಾರ
ಕರೆದದ್ದು ಫೈಜುನ್ನೀಸಾ ಅಲ್ಲ,
ಅವಳ ಸೊಸೆ ಜಬೀನಾ.
ಮೋರಿ ಜಗಳ ಮುಗಿದ ಮೇಲೆ ಮದುವೆಯಾಗಿ ಬಂದ ಹುಡುಗಿ.
ಮುಗಿದ ಅಂದೆನೆ? ಮಾತು ಮುಗಿದ ಮೇಲೆ, ಅನ್ನಬೇಕು.
ಅವರ ಬಾಣಲೆಯ ಬಿಸಿನೀರು, ಬೆಂದ ಹುಳುವಿನ ನಾತ,
ಇವತ್ತಿಗೂ ತಣ್ಣಗಾಗುವುದು ನಮ್ಮ ಹೊಸ್ತಿಲ ಮುಂದೆಯೇ.
ಅದೇನೂ ತಿಳಿಯದೆ ಗೋಡೆಯಾಚೆಯಿಂದ
'ಗಂಗರತ್ನಕ್ಕಾ ಬನ್ನಿ, ಹೊಸಾದೊಂದು ಹಾಕಿದೀನಿ' ಅಂದಳು.
ಹೋಗದಿದ್ದರೆ ಹುಡುಗಿಗೆ ಕಾರಣ ಹೇಳಬೇಕಿತ್ತು.
ಹೋದೆ.

ಯಾವುದೋ ಚಳಿದೇಶದ ಕತೆ, ಕನ್ನಡದಲ್ಲಿ ಮಾತು.
ಒಂದು ಹೊಳೆ. ಒಂದು ದೋಣಿ. ದೋಣಿಯವನೊಬ್ಬ.
ದೋಣಿ ಆ ದಡಕ್ಕೆ ಹೋಯಿತು.
ದೋಣಿ ಈ ದಡಕ್ಕೆ ಬಂತು.
ಮುಗಿಯಿತು ಮೊದಲ ಕಂತು.
ಎರಡನೆಯದರಲ್ಲಿ ಮಂಜು ಸುರಿಯಿತು; ಹೋಯಿತು, ಬಂತು.
ಮೂರನೆಯದರಲ್ಲಿ ಅವನು ಹಗ್ಗಕ್ಕೆ ಎಣ್ಣೆ ಹಚ್ಚಿದ,
ಹನ್ನೆರಡು ನಿಮಿಷ, ಗಡಿಯಾರ ನೋಡಿ ಲೆಕ್ಕ ಹಾಕಿದ್ದೇನೆ.
ನದಿಯೇ ಇಲ್ಲದ ಶಿಡ್ಲಘಟ್ಟದಲ್ಲಿ ಕೂತು,
ಗೌಡನ ಕೆರೆ ತುಂಬಿದರೆ ಫೋಟೋ ಹಿಡಿಯಲು ಓಡುವ ಜನ ನಾವು,
ಇನ್ನೊಬ್ಬರ ಹೊಳೆಯನ್ನು ಎಷ್ಟಂತ ದಾಟುವುದು?

ಫೈಜುನ್ನೀಸಾಳ ಗಂಡ ಎರಡನೇ ದಿನವೇ ಎದ್ದು ಹೋದ.
ನಾಲ್ಕನೇ ದಿನ ಜಬೀನಾ ಫೋನಿಗೆ ತಲೆ ಬಗ್ಗಿಸಿದಳು.
ಉಳಿದವರು ನಾವಿಬ್ಬರು, ಚಾಪೆಯ ಎರಡು ತುದಿಗೆ.
ತಾಳ್ಮೆ ಅಂತ ತಿಳಿಯಬೇಡಿ.
ಮೊದಲು ಎದ್ದವಳು ಸೋತಂತೆ, ಅಷ್ಟೇ.

ದಿನಾ ಒಬ್ಬ ಹೆಂಗಸು ನೀಲಿ ಬಕೆಟ್ಟು ಹಿಡಿದು ಬಂದು
ಕೊನೆಯ ಹಲಗೆಯ ಮೇಲೆ ಕೂರುತ್ತಿದ್ದಳು.
ಮಾತಿಲ್ಲ. ಒಳಗೇನಿದೆ ಅಂತ ತೋರಿಸುವುದೂ ಇಲ್ಲ.
ಐದನೇ ರಾತ್ರಿ ಬಾಯಿತಪ್ಪಿ ಬಂತು: 'ಮೀನಿರಬೇಕು.'
ನಾನು ಹೇಳಿದ್ದು ಟಿವಿಗೆ.
ಫೈಜುನ್ನೀಸಾ ಉತ್ತರ ಕೊಟ್ಟಿದ್ದೂ ಟಿವಿಗೇ:
'ಮೀನಾದ್ರೆ ಬೆಕ್ಕು ಹಿಂದೆ ಬರ್ತಿರ್ಲಿಲ್ವಾ?'
ನಾಲ್ಕು ವರ್ಷದ ಮೇಲೆ ಮೊದಲ ಮಾತು,
ಇಲ್ಲದ ಮೀನು, ಇಲ್ಲದ ಬೆಕ್ಕಿನ ಮೇಲೆ.

ಒಂಬತ್ತನೇ ರಾತ್ರಿ ಬಕೆಟ್ಟು ಮಾತ್ರ ಬಂತು.
ಯಾರೋ ಹುಡುಗ ತಂದು ಅದೇ ಹಲಗೆಯ ಮೇಲಿಟ್ಟು ಹೋದ.
ದೋಣಿಯವನು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ನೋಡಿದ,
ಆಮೇಲೆ ಹಗ್ಗ ಎಳೆದ,
ಅವಳು ಕೂತಿದ್ದರೆ ಎಷ್ಟು ನಿಧಾನವೋ ಅಷ್ಟೇ ನಿಧಾನ.
ಆ ದಡದಲ್ಲಿ ಇಳಿಸಿ, ತನ್ನ ಜೇಬಿನಿಂದಲೇ ಒಂದು ಕಾಸು ತೆಗೆದು
ಟಿಕೆಟ್ಟಿನ ಡಬ್ಬಿಗೆ ಹಾಕಿದ.

ಚಾಪೆಯ ಆ ತುದಿಯಲ್ಲಿ ಮೂಗು ಏರಿಸಿದ ಸದ್ದು.
ಈ ತುದಿಯದೂ ಬೇರೆಯಲ್ಲ.
ಜಬೀನಾ ತಲೆಯೆತ್ತಿ 'ಏನಾಯ್ತು?' ಅಂದಳು.
ಏನಂತ ಹೇಳುವುದು? ಬಕೆಟ್ಟು ಹೊಳೆ ದಾಟಿತು ಅಂತಲೆ?
ಮೊದಲ ದಿನವೇ ತೋರಿಸಿದ್ದರೆ ಅದು ಬರೀ ಬಕೆಟ್ಟು,
ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ನೂರಿಪ್ಪತ್ತು ರೂಪಾಯಿ.
ಎಂಟು ರಾತ್ರಿ ಆಕಳಿಸಿದವರಿಗಷ್ಟೇ ಗೊತ್ತು ಅದರ ಭಾರ.

ಮಾರನೇ ದಿನ ಬಾಣಲೆಯ ಮುಂದೆ ಕೂತು ಅವಳೆಂದಳು:
'ಬೆಂದ ಕೂಡ್ಲೆ ಗೂಡು ನೂಲು ಬಿಡಲ್ಲ ರತ್ನಾ,
ಮೇಲಿನ ಜುಟ್ಟೆಲ್ಲ ಎಳೆದೂ ಎಳೆದೂ ಬಿಸಾಕ್ಬೇಕು,
ಆಮೇಲೇ ಎಳೆ ಕಾಣೋದು.'
ಮಾತೇನೋ ಚೆನ್ನಾಗಿದೆ. ಆದರೆ ನಾನು ಕಂಡಿದ್ದೇನೆ,
ಜುಟ್ಟು ಮುಗಿದರೂ ಎಳೆ ಕೊಡದ ಗೂಡುಗಳನ್ನು.
ಮುನ್ನೂರು ಕಂತು ಕಾದ ಧಾರಾವಾಹಿಯೊಂದರಲ್ಲಿ
ಸವತಿ ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತವಳು
ಇನ್ನೂ ಅಲ್ಲೇ ನಿಂತಿದ್ದಾಳೆ.
ಯಾವುದು ಎಂಥದ್ದೆಂದು ಮುಂಚೆಯೇ ಹೇಳುವ ತಕ್ಕಡಿ
ನಮ್ಮ ಗೂಡಿನ ಮಾರುಕಟ್ಟೆಯಲ್ಲೂ ಇಲ್ಲ.

ಮೋರಿ ಹಾಗೇ ಇದೆ. ನಾತವೂ.
ನಮ್ಮ ಟಿವಿ ರಿಪೇರಿಯಾಗಿ ಬಂದು ಹದಿನೈದು ದಿನ,
ಅವಳಿಗೆ ಹೇಳಿಲ್ಲ ನಾನು.
ನಿನ್ನೆ ಗೋಡೆಯಾಚೆಯಿಂದ, ಈ ಸಲ ಅವಳದೇ ದನಿ:
'ಇನ್ನೊಂದು ಬಂದೈತಂತೆ. ಮೊದ್ಲು ಏಳು ಕಂತು
ಏನಂದ್ರೆ ಏನೂ ಇಲ್ವಂತೆ.'

'ಎಷ್ಟೊತ್ತಿಗೆ?' ಅಂದೆ.